ಪೇಟೆಯ ಹಾದಿಯಲ್ಲಿ ಒಂದು ಹಗಲು

ಬೆಂಗಳೂರನ್ನು ನೋಡಬೇಕೆಂದು ಹೊರಟುಬರುವವರು ಸಾಮಾನ್ಯವಾಗಿ ಅದರ ಪೇಟೆಯನ್ನು ನೋಡುವುದಿಲ್ಲ. ಲಾಲ್‌ಬಾಗು, ಕಬ್ಬನ್ ಉದ್ಯಾನ, ವಿಧಾನಸೌಧ ಇವನ್ನೆಲ್ಲ ನೋಡಿಯಾದ ಮೇಲೆ, ಮನೆಯಲ್ಲಿ ಮದುವೆಯೊದಗಿದ್ದರೆ ಪೇಟೆಗೆ ಹೋಗಿ ಸೀರೆ, ಪಾತ್ರೆ, ಲಗ್ನಪತ್ರಿಕೆಗಳನ್ನು ಕೊಂಡು, ಅಲ್ಲಿಯ ನೂಕುನುಗ್ಗಲನ್ನು ಬೈದುಕೊಳ್ಳುತ್ತ ಹಿಂದಿರುಗುತ್ತಾರೆ. ಪೇಟೆಯು ಕೊಳ್ಳುವ ಸ್ಥಳವೇ ಹೊರತು ನೋಡುವ ಸ್ಥಳವಲ್ಲವೆಂಬ ಭಾವನೆಯು ಜನರಲ್ಲಿ ಬೇರೂರಿಬಿಟ್ಟಿದೆ. ಬೆಂಗಳೂರೆಂಬ ಊರು ಮೊದಲು ಇದ್ದುದೇ ಅಲ್ಲಿ, ಉಳಿದುದೆಲ್ಲ ಅದರ ಬೇಲಿಯ ಹೊರಗೆ ಆಮೇಲೆ ಬೆಳೆದದ್ದು, ಎಂಬುದನ್ನು ನೆನೆಯುವವರು ಕಡಮೆ.

ತುಮಕೂರು ಸೀಮೆಯ ಒಂದು ಹೋಬಳಿಯ ಶಾಲೆಯಲ್ಲಿ ಮೂವತ್ತಾರು ವರ್ಷ ಚರಿತ್ರೆಯನ್ನು ಬೋಧಿಸಿ ವಿಶ್ರಾಂತಿ ಪಡೆದಿದ್ದ ಮೇಷ್ಟರೊಬ್ಬರು ತಮ್ಮ ಎಪ್ಪತ್ತಾರನೆಯ ವಯಸ್ಸಿನಲ್ಲಿ ಹೀಗೆ ಪೇಟೆಯನ್ನು ನೋಡಲೆಂದೇ ಹೊರಟರು. ಬೆಂಗಳೂರಿಗೆ ಅವರು ಹೊಸಬರೇನೂ ಅಲ್ಲ. ಕಚೇರಿಯ ಕೆಲಸಕ್ಕೆ, ಮದುವೆಗೆ, ಆಸ್ಪತ್ರೆಗೆ ಎಷ್ಟೋ ಸಲ ಬಂದುಹೋದವರು. ಆದರೆ ಯಾವ ಕೆಲಸವೂ ಇಲ್ಲದೆ, ಬೆಳಗಿನಿಂದ ಸಂಜೆಯವರೆಗೆ, ಕಾಲ್ನಡಿಗೆಯಲ್ಲಿ ತಿರುಗಬೇಕೆಂಬ ಅವರ ಹಟವು ಮನೆಯವರಿಗೆ ವಿಚಿತ್ರವಾಗಿ ತೋರಿತು. ಮುದುಕರನ್ನು ಒಬ್ಬರನ್ನೇ ಕಳುಹಿಸುವುದು ಹೇಗೆ? ಕಾಲೇಜಿನಲ್ಲಿ ಓದುತ್ತಿದ್ದ ಮೊಮ್ಮಗಳನ್ನು ಜೊತೆಮಾಡಿ ಕಳುಹಿಸಿದರು. ಮೊಮ್ಮಗಳಿಗೂ ತಾತನ ಉದ್ದೇಶ ತಿಳಿಯದು. ಕೇಳಿದ್ದಕ್ಕೆ, “ಇಷ್ಟು ವರ್ಷ ಪಾಠ ಹೇಳಿದ ಜಾಗವನ್ನು ಒಂದು ಸಲ ಕಾಲಲ್ಲಿ ತುಳಿದು ನೋಡಬೇಡವೇ, ಮಗು?” ಎಂದಷ್ಟೇ ಹೇಳಿದರು.

ಬೆಳಗಿನ ರೈಲು ಇಳಿದು ನಿಲ್ದಾಣದಿಂದ ಹೊರಗೆ ಬಂದರೆ ಎದುರಿಗೆ ಬಸ್ಸುಗಳ ಸಮುದ್ರ. ಅದು ಧರ್ಮಾಂಬುಧಿ ಎಂಬ ಕೆರೆಯ ಅಂಗಳ. ಒಂದು ಕಾಲದಲ್ಲಿ ಪೇಟೆಯವರು ಕುಡಿಯುತ್ತಿದ್ದ ನೀರು ಅಲ್ಲಿ ನಿಂತಿರುತ್ತಿತ್ತು. ಅಂಬುಧಿಯೆಂದರೆ ಸಮುದ್ರವಷ್ಟೆ, ನೀರು ಹೋಗಿ ಬಸ್ಸು ಬಂದರೂ ಹೆಸರಿನ ಅರ್ಥ ಮಾತ್ರ ಕೆಡಲಿಲ್ಲವೆಂದು ಮೇಷ್ಟರು ನಕ್ಕರು. ಕೆಂಪೇಗೌಡ ರಸ್ತೆಯಲ್ಲಿ ನಡೆದು ಮೈಸೂರು ಬ್ಯಾಂಕ್ ವೃತ್ತಕ್ಕೆ ಬಂದರು. ಇಲ್ಲಿಯೂ ಇದೇ ಕಥೆ. 1913ರಲ್ಲಿ ಸ್ಥಾಪಿತವಾದ ಆ ಬ್ಯಾಂಕು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಐಕ್ಯವಾಗಿಹೋಯಿತು. ಆದರೂ ಬಸ್ಸಿನ ನಿರ್ವಾಹಕನು ಇಂದಿಗೂ ಆ ಹೆಸರನ್ನೇ ಕೂಗುತ್ತಾನೆ. ಅಲ್ಲಿಯ ಆಂಜನೇಯನನ್ನು ಜನರು ಯಲಹಂಕ ಗೇಟಿನ ಆಂಜನೇಯನೆಂದು ಕರೆಯುತ್ತಾರೆ. ಗೇಟು ಎಲ್ಲಿದೆಯೆಂದು ಮೊಮ್ಮಗಳು ಸುತ್ತಲೂ ನೋಡಿದಳು.

“ಗೇಟು ಇಲ್ಲ. ಪೇಟೆಯ ಉತ್ತರ ದಿಕ್ಕಿನ ಬಾಗಿಲು ಇಲ್ಲಿತ್ತು. ಬಾಗಿಲು ಹೋಯಿತು, ಬಾಗಿಲು ಕಾಯುವವನು ಉಳಿದ” ಎಂದು ಮೇಷ್ಟರು ಕೈಮುಗಿದು ಒಳಹೊಕ್ಕರು.

ಒಳಹೊಕ್ಕರು ಎಂದರೆ ಅವಿನ್ಯೂ ರಸ್ತೆಗೆ. ಹಿಂದೆ ಇದರ ಹೆಸರು ದೊಡ್ಡಪೇಟೆ. ಸಾಲುಮರಗಳ ಬೀದಿಯೆಂಬ ಅರ್ಥದ ಇಂಗ್ಲಿಷ್ ಹೆಸರನ್ನು ಹೊತ್ತಿರುವ ಈ ರಸ್ತೆಯಲ್ಲಿ ನೆರಳಿಗೆ ಹೇಳಿಕೊಳ್ಳುವಂಥ ಮರವಿಲ್ಲ. ಹೆಸರಿಡುವುದರಲ್ಲಿ ನಮ್ಮ ಹಳಬರೇ ಜಾಣರು; ಇದ್ದುದನ್ನು ಹೇಳಿದರು. ಅಕ್ಕಿ ಮಾರಿದಲ್ಲಿ ಅಕ್ಕಿಪೇಟೆ, ರಾಗಿ ಮಾರಿದಲ್ಲಿ ರಾಗಿಪೇಟೆ, ಹತ್ತಿಗೆ ಅರಳೆಪೇಟೆ, ಬಳೆಗೆ ಬಳೇಪೇಟೆ; ಕುಂಬಾರರು, ಗಾಣಿಗರು, ಉಪ್ಪಾರರು, ತಿಗಳರು, ಕುರುಬರು, ಗೊಲ್ಲರು, ನಗರ್ತರು ಎಲ್ಲರಿಗೂ ಒಂದೊಂದು ಪೇಟೆ. ಊರಿನ ಹೆಸರುಗಳನ್ನು ಓದುತ್ತ ಹೋದರೆ ಆ ಕಾಲದ ಸಂತೆಯ ಲೆಕ್ಕವನ್ನೇ ಓದಿದಂತಾಗುತ್ತದೆ. ಬಳೇಪೇಟೆಯಲ್ಲಿ ಈಗ ವೀಣೆ ತಂಬೂರಿಗಳನ್ನೂ ಗಿಡಮೂಲಿಕೆಗಳನ್ನೂ ಮಾರುತ್ತಾರೆ. ಬಳೆಯ ಸದ್ದಿಗೆ ಬದಲು ತಂತಿಯ ನಾದ ಬಂದಿತೆಂದು ಸಮಾಧಾನಪಟ್ಟುಕೊಳ್ಳಬಹುದು.

ರಸ್ತೆಯ ಪಕ್ಕದಲ್ಲಿ ಹಳೆಯ ಪುಸ್ತಕಗಳ ವ್ಯಾಪಾರಿಯೊಬ್ಬನು ಪಠ್ಯಪುಸ್ತಕಗಳನ್ನು ಇಟ್ಟಿಗೆಯಂತೆ ಜೋಡಿಸುತ್ತಿದ್ದನು. ಮೇಷ್ಟರು ಬಗ್ಗಿ, ಹರಿದ ಚರಿತ್ರೆಯ ಪುಸ್ತಕವೊಂದನ್ನು ತೆಗೆದು ಹಾಳೆಗಳನ್ನು ತಿರುವಿ, ಮೂರನೆಯ ಮೈಸೂರು ಯುದ್ಧದ ಪುಟದಲ್ಲಿ ನಿಂತು, ಓದಿ, ಸುಮ್ಮನೆ ಅದನ್ನು ಇದ್ದಲ್ಲೇ ಇಟ್ಟರು. ಸ್ವಲ್ಪ ಮುಂದೆ ರೈಸ್ ಸ್ಮಾರಕ ಕ್ರೈಸ್ತ ದೇವಾಲಯ. ಅಂಗಡಿಗಳ ನಡುವೆ ಅದರ ದಪ್ಪ ಕಂಬಗಳು ಒತ್ತರಿಸಿಕೊಂಡು ನಿಂತಿವೆ. ಬೆಂಜಮಿನ್ ರೈಸನು ಕನ್ನಡ ಕಲಿತು ಇಲ್ಲಿಯೇ ಜೀವಮಾನ ಕಳೆದ ಪಾದ್ರಿ. ಅವನ ಮಗ, 1837ರಲ್ಲಿ ಇದೇ ಬೆಂಗಳೂರಿನಲ್ಲಿ ಹುಟ್ಟಿದ ಲೂಯಿ ರೈಸನೇ ಮೈಸೂರು ಸಂಸ್ಥಾನದ ಸಾವಿರಾರು ಶಾಸನಗಳನ್ನು ಊರೂರು ಸುತ್ತಿ ಸಂಗ್ರಹಿಸಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಅಚ್ಚುಹಾಕಿಸಿದವನು. ಬಯಲಲ್ಲಿ ಬಟ್ಟೆ ಒಗೆಯುವುದಕ್ಕೂ ದನ ಕಟ್ಟುವುದಕ್ಕೂ ಆಗುತ್ತಿದ್ದ ಕಲ್ಲುಗಳಿಗೆ ಬಾಯಿ ಬರಿಸಿದ ಪುಣ್ಯಾತ್ಮನೆಂದು ಮೇಷ್ಟರು ಮೊಮ್ಮಗಳಿಗೆ ಹೇಳಿದರು.

ದೊಡ್ಡಪೇಟೆಯೂ ಚಿಕ್ಕಪೇಟೆಯೂ ಕೂಡುವ ಚೌಕವು ಪೇಟೆಯ ಹೊಕ್ಕುಳು. 1537ರಲ್ಲಿ ಹಿರಿಯ ಕೆಂಪೇಗೌಡನು ಇಲ್ಲಿ ನಾಲ್ಕು ನೇಗಿಲುಗಳಿಗೆ ಎತ್ತು ಹೂಡಿಸಿ ನಾಲ್ಕು ದಿಕ್ಕಿಗೂ ಉಳಿಸಿದನೆಂದೂ, ಎತ್ತುಗಳು ನಿಂತಲ್ಲಿ ಬಾಗಿಲುಗಳಾದುವೆಂದೂ, ನೇಗಿಲ ಗೆರೆಗಳೇ ಬೀದಿಗಳಾದುವೆಂದೂ ಹೇಳುತ್ತಾರೆ. ಚರಿತ್ರಕಾರರು ಇದನ್ನು ಕಥೆಯೆನ್ನಬಹುದು. ಆದರೆ ಚೌಕದಲ್ಲಿ ನಿಂತು ನಾಲ್ಕು ಕಡೆಗೂ ನೋಡಿದವನಿಗೆ ನಂಬದಿರುವುದು ಕಷ್ಟ. ಬೇಸಾಯಗಾರನು ಕಟ್ಟಿದ ಊರೆಂಬುದು ಅದರ ಗೆರೆಯಲ್ಲಿಯೇ ಕಾಣುತ್ತದೆ. ಆ ಗೆರೆಗಳ ಮೇಲೆ ಆಮೇಲೆ ಎಷ್ಟು ಮಂದಿ ನಡೆದರು! 1638ರಲ್ಲಿ ಬಿಜಾಪುರದ ರಣದುಲ್ಲಾಖಾನನು ಊರನ್ನು ಗೆದ್ದನು. ಅದು ಷಾಹಜಿ ಭೋಸಲೆಯ ಜಹಗೀರಾಯಿತು. 1687ರಲ್ಲಿ ಮೊಗಲರ ಕೈಸೇರಿ, ಅವರಿಂದ ಮೂರು ಲಕ್ಷ ರೂಪಾಯಿಗಳಿಗೆ ಚಿಕ್ಕದೇವರಾಜ ಒಡೆಯರಿಗೆ ಬಂದಿತು.

“ಮೂರು ಲಕ್ಷಕ್ಕೆ ಇಡೀ ಬೆಂಗಳೂರೇ, ತಾತ?” ಎಂದು ಮೊಮ್ಮಗಳು ಬೆರಗಾದಳು. ಪಕ್ಕದ ಅಂಗಡಿಯ ಯಜಮಾನನು ಇದನ್ನು ಕೇಳಿ, “ಈಗ ಮೂರು ಲಕ್ಷಕ್ಕೆ ನಮ್ಮ ಹೊಸ್ತಿಲೂ ಬಾರದು, ತಾಯಿ” ಎಂದನು. ನೆಲದಡಿಯಲ್ಲಿ ಸುರಂಗದ ರೈಲು ಬಂದ ಮೇಲೆ ಹೊಸ್ತಿಲ ಬೆಲೆ ಇನ್ನೂ ಏರಿರಬೇಕು.

ಚೌಕದಿಂದ ಮೂಡಲಿಗೆ ತಿರುಗಿ ನಗರ್ತರಪೇಟೆಯಲ್ಲಿ ನಡೆದರು. ಕೈಗಾಡಿಗಳು, ತಲೆಹೊರೆಯ ಆಳುಗಳು, ಮೇಲೆ ಜೇಡರಬಲೆಯಂತೆ ತಂತಿಗಳು. ಗಾಡಿಗಳು ಒಂದನ್ನೊಂದು ಹಾಯಲಾರದ ಓಣಿಗಳಲ್ಲಿ ಮನುಷ್ಯನು ಮಾತ್ರ ಸಲೀಸಾಗಿ ಹೋಗಬಲ್ಲನು. ಪೇಟೆಯನ್ನು ಕಾಲಿನ ಅಳತೆಗೆ ಕಟ್ಟಿದರು. ಚಕ್ರದ ಅಳತೆಗೆ ಅದು ಇಂದಿಗೂ ಒಗ್ಗಲಿಲ್ಲ. ತಿಗಳರಪೇಟೆಯಲ್ಲಿ ಧರ್ಮರಾಯನ ಗುಡಿಯ ಮುಂದೆ ಸ್ವಲ್ಪ ಕುಳಿತರು. ಚೈತ್ರ ಪೂರ್ಣಿಮೆಯ ರಾತ್ರಿ ಇಲ್ಲಿಂದ ಹೊರಟ ಕರಗವು ಪೇಟೆಯನ್ನೆಲ್ಲ ಸುತ್ತುತ್ತ ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿಬರುವ ಪದ್ಧತಿಯು ಎಲ್ಲರಿಗೂ ಗೊತ್ತಿರುವುದೇ. ಅದನ್ನು ವಿಸ್ತರಿಸುವ ಅಗತ್ಯವಿಲ್ಲ.

ಬೀದಿಯು ಕೊನೆಗೆ ಅಗಲವಾದ ವೃತ್ತಕ್ಕೆ ತಂದುಬಿಟ್ಟಿತು. ಕಾರ್ಪೊರೇಷನ್ನೆಂದು ಜನರು ಕರೆಯುವ ಕಲ್ಲಿನ ಕಟ್ಟಡ, ಅದರ ಮುಂದೆ ಕೆಂಪೇಗೌಡನ ಪ್ರತಿಮೆ. ಇತ್ತ ಕಡೆ ಹಲಸೂರು ಗೇಟ್ ಪೊಲೀಸ್ ಠಾಣೆ. ಇಲ್ಲಿಯೂ ಗೇಟು ಇಲ್ಲ. ಅದರ ಹೆಸರನ್ನು ಪೊಲೀಸಿನವರು ಕಾಯುತ್ತಿದ್ದಾರೆ. ಮೇಷ್ಟರು ಕೋಲನ್ನು ನೆಲಕ್ಕೆ ಊರಿ ಬಹಳ ಹೊತ್ತು ನಿಂತರು. ಮೊಮ್ಮಗಳು ಕೊಡೆ ಬಿಚ್ಚಿ ಹಿಡಿದಳು.

“ಇದೇ ಜಾಗ” ಎಂದರು.

1791ನೆಯ ಇಸವಿ ಮಾರ್ಚಿ 7. ಅದಕ್ಕೆ ಹತ್ತು ವರ್ಷ ಮುಂಚೆ ಅಮೆರಿಕೆಯ ಯಾರ್ಕ್‌ಟೌನಿನಲ್ಲಿ ಸೋತು ಶರಣಾಗಿದ್ದ ಲಾರ್ಡ್ ಕಾರ್ನ್‌ವಾಲಿಸನು ಟೀಪುವಿನ ಮೇಲೆ ದಂಡೆತ್ತಿ ಬಂದು, ಈ ಬಾಗಿಲಿಗೆ ಫಿರಂಗಿ ಹೂಡಿದನು. ಪೇಟೆಯ ಸುತ್ತ ಮಣ್ಣಿನ ಗೋಡೆ, ಕಂದಕ, ಅದರಾಚೆ ದಟ್ಟವಾದ ಮುಳ್ಳುಬೇಲಿ. ಬಾಗಿಲ ಬಳಿಯಲ್ಲಿ ಕರ್ನಲ್ ಮೂರ್‌ಹೌಸನು ಗುಂಡು ತಗುಲಿ ಸತ್ತನು. ಬಾಗಿಲು ಒಡೆಯಿತು. ಟೀಪುವಿನ ಪಡೆಗಳು ಪೇಟೆಯನ್ನು ಮರಳಿ ಹಿಡಿಯಲು ಅಂದೇ ಹಿಂದಿರುಗಿ ಬಂದುವು. ಆಗ ನಡೆದ ಕಾದಾಟ ಬಯಲಿನದಲ್ಲ, ಓಣಿಯದು. ಬಂದೂಕಿನ ತುದಿಯ ಚೂರಿಗಳಿಂದ ಸಂದುಗೊಂದಿಗಳಲ್ಲಿ ಇರಿದಾಡಿದರು. ಮೈಸೂರಿನ ಕಡೆ ಸತ್ತವರೂ ಗಾಯಗೊಂಡವರೂ ಕೂಡಿ ಎರಡು ಸಾವಿರಕ್ಕೆ ಮೇಲ್ಪಟ್ಟರೆಂದು ಇಂಗ್ಲಿಷರೇ ಬರೆದಿಟ್ಟಿದ್ದಾರೆ. ಈ ಯುದ್ಧಗಳಲ್ಲಿ ಮಡಿದ ತಮ್ಮ ಅಧಿಕಾರಿಗಳ ಹೆಸರುಗಳನ್ನು ಕೆತ್ತಿಸಿ ಅವರು ಇಲ್ಲಿ ಒಂದು ಕಂಬವನ್ನೂ ನಿಲ್ಲಿಸಿದ್ದರು. 1964ರಲ್ಲಿ ಅದನ್ನು ಕೆಡವಿದರು.

ಇಷ್ಟನ್ನು ಹೇಳಿ ಮೇಷ್ಟರು ಸುಮ್ಮನಾದರು. ಆಮೇಲೆ, ಯಾರಿಗೋ ಒಪ್ಪಿಸುವವರಂತೆ, ಈ ತಿರುಗಾಟದ ಕಾರಣವನ್ನು ಹೇಳಿದರು.

ಅವರು ಕೆಲಸಕ್ಕೆ ಸೇರಿದ ಮೊದಲ ದಿನಗಳು. ಏಳನೆಯ ತರಗತಿಗೆ ಇದೇ ಯುದ್ಧದ ಪಾಠ. ಪುಸ್ತಕದಲ್ಲಿ ಇದ್ದುದು ಎರಡು ಸಾಲು: ಕಾರ್ನ್‌ವಾಲಿಸನು ಬೆಂಗಳೂರನ್ನು ಹಿಡಿದನು, ಶ್ರೀರಂಗಪಟ್ಟಣದ ಕಡೆಗೆ ನಡೆದನು. ಇಸವಿಯನ್ನು ಹಲಗೆಯ ಮೇಲೆ ಬರೆದು ಮುಂದಕ್ಕೆ ಹೋಗುವಷ್ಟರಲ್ಲಿ, ಕಿಟಕಿಯ ಪಕ್ಕದ ಮಣೆಯಿಂದ ನೇಕಾರರ ಹುಡುಗನೊಬ್ಬನು ಎದ್ದು ನಿಂತು, “ಪೇಟೆಯ ಜನ ಏನಾದರು, ಸಾರ್?” ಎಂದು ಕೇಳಿದನು. ತರಗತಿ ನಕ್ಕಿತು. ಮೇಷ್ಟರಿಗೆ ಉತ್ತರ ತಿಳಿದಿರಲಿಲ್ಲ. ತಿಳಿಯದೆಂದು ಹೇಳುವ ವಯಸ್ಸೂ ಅದಾಗಿರಲಿಲ್ಲ. “ಅದನ್ನು ಪರೀಕ್ಷೆಯಲ್ಲಿ ಕೇಳುವುದಿಲ್ಲ, ಕೂತುಕೋ” ಎಂದರು. ಹುಡುಗನು ಕುಳಿತನು. ಆ ವರ್ಷವೇ ಶಾಲೆ ಬಿಟ್ಟನು. ಬೆಂಗಳೂರಿನ ಕಬ್ಬನ್‌ಪೇಟೆಯಲ್ಲಿ ಯಾರದೋ ಮಗ್ಗಕ್ಕೆ ಸೇರಿಕೊಂಡನೆಂದು ಆಮೇಲೆ ಕೇಳಿಬಂದಿತು.

“ಶಾಲೆ ಬಿಟ್ಟದ್ದು ಬಡತನಕ್ಕೆ, ತಾತ. ನೀವು ಗದರಿಸಿದ್ದಕ್ಕಲ್ಲ” ಎಂದಳು ಮೊಮ್ಮಗಳು.

“ಇರಬಹುದು. ಆದರೆ ಆ ಮೇಲೆ ಮೂವತ್ತು ವರ್ಷ ಅದೇ ಎರಡು ಸಾಲನ್ನೇ ಹೇಳಿದೆನಲ್ಲ, ಅದಕ್ಕೆ ಯಾರ ಬಡತನ ಕಾರಣ?” ಎಂದರು ಮೇಷ್ಟರು.

ಕಬ್ಬನ್‌ಪೇಟೆಯು ಅಲ್ಲಿಗೆ ದೂರವಿಲ್ಲ. ಮಾರ್ಕ್ ಕಬ್ಬನ್ನನು ಮೈಸೂರಿನ ಕಮಿಷನರಾಗಿದ್ದ ಕಾಲದ ಹೆಸರು ಅದು. ದೇವಾಂಗರ ರೇಷ್ಮೆ ಮಗ್ಗಗಳಿಗೆ ಪ್ರಸಿದ್ಧವಾದ ಆ ಓಣಿಗಳಲ್ಲಿ ಮೊದಲು ಹಗಲೆಲ್ಲ ಮಗ್ಗದ ಸದ್ದಿಗೆ ಕಿವಿಯೇ ಕೇಳಿಸುತ್ತಿರಲಿಲ್ಲವಂತೆ. ಈಗ ಸದ್ದನ್ನು ಹುಡುಕಿಕೊಂಡು ಹೋಗಬೇಕು. ಒಂದು ಮನೆಯೊಳಗಿಂದ ವಿದ್ಯುತ್ ಮಗ್ಗದ ಲಟಪಟ ಕೇಳಿ ಇಬ್ಬರೂ ನಿಂತರು. ಹಾಸುನೂಲಿನ ಮೇಲೆ ಬಗ್ಗಿದ್ದ ನಡುವಯಸ್ಸಿನ ನೇಕಾರನು ಮಗ್ಗವನ್ನು ನಿಲ್ಲಿಸಿ, “ಬನ್ನಿ ಸ್ವಾಮಿ” ಎಂದು ಕರೆದು, ನೀರು ಕೊಟ್ಟನು. ಮೇಷ್ಟರು ತಮ್ಮ ಊರಿನ ಹೆಸರನ್ನು ಹೇಳಿ, ಆ ಕಡೆಯಿಂದ ಬಂದವರು, ಅರುವತ್ತರ ಹತ್ತಿರದವರು, ಯಾರಾದರೂ ಇಲ್ಲಿ ಇದ್ದಾರೆಯೇ ಎಂದು ವಿಚಾರಿಸಿದರು.

ನೇಕಾರನು ಯೋಚಿಸಿದನು. “ತುಮಕೂರು ಕಡೆಯವರು ಬಹಳ ಮಂದಿ ಇದ್ದರು ಸ್ವಾಮಿ. ಮಗ್ಗ ನಿಂತ ಮೇಲೆ ಒಬ್ಬೊಬ್ಬರು ಒಂದೊಂದು ಕಡೆ ಹೋದರು. ಕೆಲವರು ಬಟ್ಟೆ ಅಂಗಡಿ, ಕೆಲವರು ಕಾವಲು ಕೆಲಸ. ಮಗ್ಗದ ಮನೆಗಳೆಲ್ಲ ಈಗ ಉಗ್ರಾಣ” ಎಂದನು. ಅಂಚಿನಲ್ಲಿ ಜರಿ ಮಿನುಗುತ್ತಿದ್ದ ಅರ್ಧ ಸೀರೆಯನ್ನು ಮೊಮ್ಮಗಳಿಗೆ ತೋರಿಸಿ, ಹುರಿಯ ಎಳೆಗಳನ್ನು ಬೆರಳಿನಿಂದ ಬಿಡಿಸಿ ಇಟ್ಟನು. ಬೀದಿಗೆ ಇಳಿದಮೇಲೆ ಮೇಷ್ಟರು ಎದುರಿಗೆ ಬಂದ ನರೆಗೂದಲಿನ ಗಂಡಸರ ಮುಖವನ್ನೆಲ್ಲ ಒಂದೊಂದಾಗಿ ನೋಡುತ್ತ ನಡೆದರು. ಇದು ಮೊಮ್ಮಗಳ ಕಣ್ಣಿಗೆ ಬಿದ್ದರೂ ಅವಳು ಏನೂ ಹೇಳಲಿಲ್ಲ.

ಊಟದ ವಿಷಯವನ್ನು ಬರೆಯುವಂಥದೇನೂ ಇಲ್ಲ. ಓಣಿಯೊಂದರ ಮಹಡಿಯ ಮೇಲೆ ಅನ್ನ, ಸಾರು, ಮಜ್ಜಿಗೆ. ಹಸಿದವರಿಗೆ ಅದು ಸಾಕಾಗಿತ್ತು.

ಮಧ್ಯಾಹ್ನ ಕೋಟೆಗೆ ಹೋದರು. ಪೇಟೆಯ ಮಣ್ಣಿನ ಕೋಟೆ ಬೇರೆ, ಅದರ ದಕ್ಷಿಣಕ್ಕಿದ್ದ, 1761ರಲ್ಲಿ ಹೈದರನು ಕಲ್ಲಿನಿಂದ ಕಟ್ಟಿಸಿದ ಕೋಟೆ ಬೇರೆ. ಇವೆರಡನ್ನೂ ಒಂದೇ ಎಂದು ತಾವೇ ಎಷ್ಟೋ ವರ್ಷ ಪಾಠ ಹೇಳಿದ್ದುದಾಗಿ ಮೇಷ್ಟರು ಒಪ್ಪಿಕೊಂಡರು. ಕಲ್ಲಿನ ಕೋಟೆಯಲ್ಲಿ ಈಗ ಉಳಿದಿರುವುದು ದಿಲ್ಲಿ ಬಾಗಿಲೂ ಅದರ ಸುತ್ತಲಿನ ಒಂದು ತುಂಡೂ ಮಾತ್ರ. ಮಿಕ್ಕ ಜಾಗದಲ್ಲಿ ಆಸ್ಪತ್ರೆ, ಶಾಲೆ, ರಸ್ತೆಗಳು ಬಂದಿವೆ. ಗುಬುಟುಮೊಳೆಗಳ ಭಾರಿ ಬಾಗಿಲನ್ನು ದಾಟಿ ಒಳಗೆ ಹೋದರೆ, ಹೊರಗಿನ ಬಸ್ಸುಗಳ ಗದ್ದಲ ತಟ್ಟನೆ ತಗ್ಗುತ್ತದೆ. ಪಾರಿವಾಳಗಳ ಗುಟುರು ಕೇಳುತ್ತದೆ. ಗಾರೆಯ ಕಮಾನುಗಳಲ್ಲಿ ಬಿಡಿಸಿದ ಹೂಬಳ್ಳಿ, ಒಳಗೆ ಒಂದು ಪುಟ್ಟ ಗಣಪತಿಯ ಗುಡಿ. ಹಬ್ಬಕ್ಕೆ ಅಲಂಕರಿಸಿದ ಮನೆಯ ಬಾಗಿಲಿನಂತಿರುವ ಇದನ್ನು ನೋಡಿ ಯುದ್ಧವನ್ನು ಊಹಿಸುವುದು ಸುಲಭವಲ್ಲ.

ಆದರೆ ಗೋಡೆಯಲ್ಲಿ ಒಂದು ಅಮೃತಶಿಲೆಯ ಫಲಕವಿದೆ. ಮೊಮ್ಮಗಳು ಅದರ ಇಂಗ್ಲಿಷನ್ನು ಓದಿ ಹೇಳಿದಳು: 1791ನೆಯ ಮಾರ್ಚಿ 21ರಂದು ಬ್ರಿಟಿಷರು ಲಗ್ಗೆಹತ್ತಿದ ಒಡಕು ಇದೇ ಎಂದು ಅದರ ತಾತ್ಪರ್ಯ. ಪೇಟೆ ಬಿದ್ದ ಹದಿನಾಲ್ಕು ದಿನಗಳ ಮೇಲೆ, ರಾತ್ರಿಯಲ್ಲಿ ಲಗ್ಗೆ ನಡೆಯಿತು. ಕೋಟೆಯ ಕಿಲ್ಲೇದಾರನಾದ ಬಹದ್ದೂರ್ ಖಾನನು ಬಿಳಿಗಡ್ಡದ ಮುದುಕ. ಓಡಿಹೋಗದೆ ಕತ್ತಿ ಹಿಡಿದು ನಿಂತು ಅಲ್ಲಿಯೇ ಬಿದ್ದನು. ಅವನ ದೇಹವನ್ನು ಕಳುಹಿಸಿಕೊಡುವೆನೆಂದು ಕಾರ್ನ್‌ವಾಲಿಸನು ಹೇಳಿಕಳುಹಿಸಿದಾಗ, ಬೆಂಗಳೂರಿನಲ್ಲಿಯೇ ಅಲ್ಲಿಯ ಮುಸಲ್ಮಾನರ ಕೈಯಲ್ಲಿ ಮಣ್ಣುಮಾಡಿಸಬೇಕೆಂದು ಟೀಪುವು ಉತ್ತರ ಕೊಟ್ಟನಂತೆ. ಫಲಕದಲ್ಲಿ ಖಾನನ ಹೆಸರಿಲ್ಲ. ಗೆದ್ದವರು ತಾವು ಹೊಕ್ಕ ಸಂದಿಗೆ ಕಲ್ಲು ನೆಟ್ಟರು. ಅಡ್ಡ ನಿಂತವನಿಗೆ ನೆಡಲಿಲ್ಲ. ಅವರಿಂದ ಅದನ್ನು ನಿರೀಕ್ಷಿಸುವುದೂ ತಪ್ಪು. ಆದರೆ ನಮ್ಮ ಪುಸ್ತಕಗಳೂ ಅದೇ ಸಂದಿಯಿಂದಲೇ ಕೋಟೆಯೊಳಕ್ಕೆ ಹೋಗುವುದೇಕೆ ಎಂದು ಮೇಷ್ಟರು ಕೇಳಿದರು.

ಅಲ್ಲಿಂದ ಕೋಟೆ ವೆಂಕಟರಮಣನ ಗುಡಿ. ಚಿಕ್ಕದೇವರಾಜ ಒಡೆಯರ ಕಾಲದ್ದು. ಪಕ್ಕದಲ್ಲಿಯೇ ಟೀಪುವಿನ ಬೇಸಗೆಯ ಅರಮನೆ. ಹೈದರನು 1781ರಲ್ಲಿ ಪ್ರಾರಂಭಿಸಿದ್ದು ಟೀಪುವಿನ ಕೈಯಲ್ಲಿ ಮುಗಿದದ್ದು 1791ರಲ್ಲಿ. ಇಸವಿಯನ್ನು ಗಮನಿಸಬೇಕು: ಮುಗಿದ ವರ್ಷವೇ ಊರು ಕೈಬಿಟ್ಟಿತು. ಸುಖದ ಮನೆ, ಸ್ವರ್ಗಕ್ಕೂ ಹೊಟ್ಟೆಕಿಚ್ಚು ತರುವಂಥದು ಎಂಬರ್ಥದ ಬರೆಹವು ಮರದ ಮೇಲೆ ಇನ್ನೂ ಇದೆ. ಆ ಸುಖದ ಮನೆಯೊಳಗೆ ಆಮೇಲೆ ಬ್ರಿಟಿಷರು ಕಚೇರಿ ನಡೆಸಿದರು. 1868ರಲ್ಲಿ ಅಠಾರಾ ಕಚೇರಿ ಸಿದ್ಧವಾಗುವವರೆಗೆ ಗುಮಾಸ್ತರು ಇದೇ ಮರದ ಕಂಬಗಳಿಗೆ ಒರಗಿ ಲೆಕ್ಕ ಬರೆದರು. ಕಂಬಗಳೇನೋ ಚೆಲುವಾಗಿವೆ, ಮೇಲೆ ಹೋದಂತೆ ತೆಳುವಾಗಿ, ಕಮಾನುಗಳನ್ನು ಎತ್ತಿ ಹಿಡಿದಿವೆ. ಮೇಷ್ಟರಿಗೆ ಅಷ್ಟು ಹೊತ್ತಿಗೆ ಕಾಲು ಸೋತಿತ್ತು. ಅಂಗಳದ ಹುಲ್ಲಿನ ಪಕ್ಕದಲ್ಲಿ ಕುಳಿತು, “ನೀನು ನೋಡಿಕೊಂಡು ಬಾ, ಮಗು” ಎಂದುಬಿಟ್ಟರು.

ಹೊತ್ತು ಇಳಿಯುವಾಗ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಬಂದರು. 1921ರಲ್ಲಿ ಕಟ್ಟಿದ ಆ ಕಟ್ಟಡದ ಒಳಗೂ ಹೊರಗೂ ಹೂವಿನ ರಾಶಿ: ಕನಕಾಂಬರ, ಸೇವಂತಿಗೆ, ಸುಗಂಧರಾಜ, ತುಳಸಿ, ಮರುಗ. ತುಳಿದ ಎಲೆಯ ಕೆಸರು, ತಕ್ಕಡಿ, ಕೂಗು. ಪೇಟೆಗೂ ಕೋಟೆಗೂ ನಡುವೆ ಬಯಲಾಗಿದ್ದ ನೆಲ ಇದು. ಮೇಲ್ಸೇತುವೆ ಕಟ್ಟಿದರೂ ಸುರಂಗ ತೋಡಿದರೂ ಅದೇ ನೆಲವೇ. 2012ರಲ್ಲಿ ಮೆಟ್ರೋ ರೈಲಿಗಾಗಿ ಕೋಟೆಯ ಬಳಿ ಅಗೆದಾಗ ಹಳೆಯ ಕಬ್ಬಿಣದ ಫಿರಂಗಿಗಳೇ ಮೇಲೆ ಬಂದುವು.

ಹೂವಿನ ಮುದುಕಿಯೊಬ್ಬಳು ಮೊಳ ಹಾಕುತ್ತಿದ್ದಳು. ಮೊಮ್ಮಗಳು ಒಂದು ಮೊಳ ಮಲ್ಲಿಗೆ ಕೊಂಡು, ಹೀಗೆಯೇ ಮಾತಿಗೆ, ಇಲ್ಲಿ ನೋಡುವ ಹಳೆಯ ಜಾಗ ಇನ್ನೇನಿದೆ ಎಂದು ಕೇಳಿದಳು.

“ನೋಡೋದು ಏನಿದೆಯವ್ವಾ? ಅಗೋ ಅವಿನ್ಯೂ ರಸ್ತೆಗೆ ಹೋಗೋ ಕಡೆ ದರ್ಗಾ ಇದೆ. ದಿನಾ ಹೂ ಹೋಗುತ್ತೆ” ಎಂದಳು ಮುದುಕಿ.

ಆ ಗದ್ದಲದ ನಡುವೆ, ಕಣ್ಣಿಟ್ಟು ನೋಡದಿದ್ದರೆ ತಪ್ಪಿಹೋಗುವಷ್ಟು ಸಣ್ಣ ದರ್ಗಾ ಅದು. ಹಸುರು ಬಣ್ಣ, ಊದುಬತ್ತಿಯ ಹೊಗೆ, ಸಮಾಧಿಯ ಮೇಲೆ ಹೂವಿನ ಚಾದರ. ಹೆಸರಿನಲ್ಲಿ ‘ಬಹದ್ದೂರ್’ ಎಂದೂ ‘ಷಹೀದ್’ ಎಂದೂ ಇರುವುದನ್ನು ಮೊಮ್ಮಗಳು ಓದಿದಳು. ಕೋಟೆಯ ಕಿಲ್ಲೇದಾರನು ಇಲ್ಲಿಯೇ ಮಲಗಿದ್ದಾನೆಂದು ಜನರು ನಂಬಿದ್ದಾರೆ. ಬಾಗಿಲಲ್ಲಿ ಕುಳಿತಿದ್ದವರನ್ನು ಮೇಷ್ಟರು ಕೇಳಿದರು. ಅವರಿಗೆ ಇಸವಿ ಗೊತ್ತಿರಲಿಲ್ಲ. “ಕೋಟೆಗಾಗಿ ಸತ್ತವರು, ದೊಡ್ಡವರು” ಎಂದರು. ಮೂಟೆ ಹೊತ್ತು ಬಂದ ಆಳೊಬ್ಬನು ಮೂಟೆಯನ್ನು ಕೆಳಗಿಳಿಸಿ, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಮತ್ತೆ ಹೊತ್ತು ನಡೆದನು. ಅವನ ಹಣೆಯಲ್ಲಿ ವಿಭೂತಿಯಿತ್ತು.

ಮೇಷ್ಟರು ಮೊಮ್ಮಗಳ ಕೈಯಿಂದ ಮಲ್ಲಿಗೆಯನ್ನು ಈಸಿಕೊಂಡು ಒಳಗೆ ಕೊಟ್ಟರು. ತಲೆಗೆ ವಲ್ಲಿ ಹೊದೆದು ಬಹಳ ಹೊತ್ತು ನಿಂತರು. ಹೊರಗೆ ಬಂದ ಮೇಲೆ, “ಪುಸ್ತಕದಲ್ಲಿ ಇಲ್ಲದ್ದು ಹೂವಿನವಳಿಗೆ ಗೊತ್ತಿತ್ತು ನೋಡು” ಎಂದರು.

ರಾತ್ರಿಯ ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಊರಿನ ದೀಪಗಳು ಹಿಂದೆ ಸರಿಯುತ್ತಿದ್ದುವು. ಮೇಷ್ಟರು ಕಾಲುಗಳನ್ನು ಎದುರಿನ ಆಸನಕ್ಕೆ ಚಾಚಿ ಕಣ್ಣುಮುಚ್ಚಿದ್ದರು. ಮೊಮ್ಮಗಳಿಗೆ ಮಾತ್ರ ಕಬ್ಬನ್‌ಪೇಟೆಯೇ ಮನಸ್ಸಿನಲ್ಲಿತ್ತು.

“ತಾತ, ನನ್ನ ಸ್ನೇಹಿತೆಯೊಬ್ಬಳು ಆ ಕಡೆಯವಳೇ. ಅವರ ಮನೆಯವರನ್ನು ವಿಚಾರಿಸಿದರೆ ತಿಳಿದೀತು. ಆ ಹುಡುಗನ ಹೆಸರೇನು?” ಎಂದು ಕೇಳಿದಳು.

ಮೇಷ್ಟರು ಕಣ್ಣು ತೆರೆದರು. “ಹಾಜರಿ ಪುಸ್ತಕದಲ್ಲಿ ಹದಿನೇಳನೆಯವನು” ಎಂದರು. “ತಂದೆಯ ಅಂಗಿಯನ್ನು ಕತ್ತರಿಸಿ ಹೊಲಿದು ಹಾಕಿಕೊಂಡು ಬರುತ್ತಿದ್ದ. ಎಡಗೈಯಲ್ಲಿ ಬರೆಯುತ್ತಿದ್ದ. ಎದ್ದು ನಿಂತರೆ ಮಣೆಯ ಅಂಚನ್ನು ಹಿಡಿದುಕೊಳ್ಳುತ್ತಿದ್ದ.”

ಮೊಮ್ಮಗಳು ಕಾದಳು. ರೈಲು ಯಶವಂತಪುರವನ್ನು ದಾಟಿತು.

“ಹೆಸರು ನೆನಪಾಗುತ್ತಿಲ್ಲ, ಮಗು” ಎಂದರು ಮೇಷ್ಟರು.